ಓದಿ ಹೇಳದೆ ಕಳಿಸಿದ ಅರ್ಜಿ

ನನಗೆ ನಲವತ್ನಾಲ್ಕು ವರ್ಷ. ತಲೆಯಲ್ಲಿ ಕರಿ ಕೂದಲಿಗಿಂತ ಬಿಳಿ ಕೂದಲೇ ಜಾಸ್ತಿ. ಈ ವಯಸ್ಸಿನವನು ಮೊಬೈಲ್ ಆಟದ ವಿಷಯ ಬರೆಯಲು ಕೂತಿದ್ದಾನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ನಗಲಿ. ಆಟ ಆಡಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಆ ಆಟ ಮಾಡಿದವರಿಗೆ ನಾನು ಬರೆದ ಒಂದು ಪತ್ರಕ್ಕೆ ನಾಚಿಕೆ ಇದೆ. ಎರಡು ವರ್ಷ ಆಯಿತು, ಈಗಲೂ ಅದು ನೆನಪಾದರೆ ಊಟದ ನಡುವೆ ಕೈ ನಿಲ್ಲುತ್ತದೆ.

ಚಿತ್ರದುರ್ಗದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ತಾಲ್ಲೂಕು ಕಚೇರಿಗೆ ಕೂಗಳತೆ ದೂರ. ಪಹಣಿ ತಿದ್ದುಪಡಿ, ಪಿಂಚಣಿ, ಜಾತಿ ಪ್ರಮಾಣಪತ್ರ, ಏನೇ ಇರಲಿ, ಜನ ಬಂದು ಹೇಳುತ್ತಾರೆ, ನಾನು ಬರೆದುಕೊಡುತ್ತೇನೆ. ನನಗಿಂತ ಮೊದಲು ನಮ್ಮಪ್ಪ ಇದೇ ರಸ್ತೆಯ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಇದೇ ಕೆಲಸ ಮಾಡುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಅರ್ಜಿ ಬರೆದಾದ ಮೇಲೆ ಪೆನ್ನು ಕೆಳಗಿಟ್ಟು, ಎದುರಿಗೆ ಕೂತವರಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದರು. ಎಷ್ಟೇ ಜನ ಕಾಯುತ್ತಿರಲಿ, ಓದದೆ ಬಿಡುತ್ತಿರಲಿಲ್ಲ. ಕೇಳಿದವರು ಏನಾದರೊಂದು ತಿದ್ದಿಸಿಯೇ ತಿದ್ದಿಸುತ್ತಿದ್ದರು. "ಬಾವಿ ಪಡುವಲಕ್ಕಲ್ಲ ಸ್ವಾಮಿ, ಮೂಡಲಕ್ಕೈತೆ" ಅನ್ನುವರು. ತಿದ್ದಿದ ಮೇಲೆಯೇ ಹೆಬ್ಬೆಟ್ಟು. ಅದರ ಪಕ್ಕ ಅಪ್ಪನ ಕೈಬರಹದಲ್ಲಿ "ಓದಿ ಹೇಳಲಾಗಿ, ಕೇಳಿ, ಒಪ್ಪಿ ಹಾಕಿದ ಗುರುತು" ಅಂತ ಒಂದು ಸಾಲು. "ಅರ್ಜಿ ಅವರದು ಕಣಪ್ಪ, ಕೈ ಅಷ್ಟೇ ನಂದು" ಅನ್ನುತ್ತಿದ್ದರು ನನಗೆ. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಅಂಗಡಿಗೆ ಬಂದವರಿಗೆ ನಾನೂ ಓದಿ ಹೇಳುತ್ತೇನೆ. ಅದು ಅಭ್ಯಾಸ, ನನ್ನ ದೊಡ್ಡತನವೇನೂ ಅಲ್ಲ.

ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಕಚೇರಿಯವರು ಊಟ, ಚಹಾ ಅಂತ ಕಾಣೆಯಾಗುತ್ತಾರೆ. ನನಗೆ ಅದು ನೊಣ ಹೊಡೆಯುವ ಹೊತ್ತು. ಹಾಗೆ ನೊಣ ಹೊಡೆಯುವಾಗಲೇ ಫೋನಿನಲ್ಲಿ ಆ ಆಟ ಸಿಕ್ಕಿದ್ದು. ಅದು ಇನ್ನೂ ಪೂರ್ತಿ ತಯಾರಾಗಿರಲಿಲ್ಲ. ಹೊರದೇಶದ ಯಾವುದೋ ಸಣ್ಣ ತಂಡ ಪರೀಕ್ಷೆಗೆ ಅಂತ ಬಿಟ್ಟಿತ್ತು. ಸಮುದ್ರದ ನಡುವೆ ಒಂದು ದ್ವೀಪ, ದ್ವೀಪದ ಮೇಲೆ ಕೋಟೆ, ಕೋಟೆಯೊಳಗೆ ಎತ್ತರದ ದೀಪದ ಗೋಪುರ. ನಾಲ್ಕು ಜನ ಸೇರಿ ಕೋಟೆ ಕಾಯಬೇಕು, ದೀಪ ಆರದಂತೆ ನೋಡಿಕೊಳ್ಳಬೇಕು, ಬರುವ ದೋಣಿಗಳನ್ನು ದಡ ಮುಟ್ಟಿಸಬೇಕು. ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಬಹುದು. ಭಾಷೆ ನೋಡಿ ಆಟವೇ ನಾಲ್ವರನ್ನು ಒಟ್ಟಿಗೆ ಹಾಕುತ್ತಿತ್ತು.

ಮೊದಲ ದಿನ ಒಂದು ಹೆಣ್ಣುದನಿ ಮೆಲ್ಲಗೆ "ದೀಪಕ್ಕೆ ಎಣ್ಣೆ ಎಲ್ಲೈತ್ರಿ?" ಅಂತ ಕೇಳಿತು. ಆ 'ಐತೆ' ಕೇಳಿದ್ದೇ ನಾನು ಯಾವೂರು ಅಂದೆ. ಹಿರಿಯೂರು ಹತ್ತಿರ ಆದಿವಾಲ ಅಂದರು. ಇನ್ನೊಬ್ಬರು ಹೊಳಲ್ಕೆರೆ ಅಂದರು, ಮತ್ತೊಬ್ಬ ಹೊಸದುರ್ಗ ಅಂದ. ನಾನು ದುರ್ಗ ಅಂದೆ. ಸಮುದ್ರದ ನಡುವೆ ನಮ್ಮ ಜಿಲ್ಲೆಯವರೇ ನಾಲ್ಕು ಜನ ಸಿಕ್ಕಿದ್ದಕ್ಕೆ ಎಲ್ಲರಿಗೂ ಖುಷಿಯೋ ಖುಷಿ. ಹೆಸರಿಗಿಂತ ಮೊದಲು ಊರು ಕೇಳುವ ಜನ ನಾವು. ಊರು ಸಿಕ್ಕ ಮೇಲೆ ಹೆಸರು ಕೇಳುವುದು ಯಾರಿಗೂ ನೆನಪಾಗಲಿಲ್ಲ. ಆಟದಲ್ಲಿ ನಮ್ಮ ನಮ್ಮ ತಲೆಯ ಮೇಲೆ ಕಾಣುವ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಊರಿನದ್ದೇ ಹಾಕಿಕೊಂಡೆವು, ಆದಿವಾಲದವರು ಹಿರಿಯೂರು ಅಂತ ಹಾಕಿಕೊಂಡರು.

ಹೊಳಲ್ಕೆರೆಯವರದು ಹಾಸಿಗೆ ಅಂಗಡಿ. ಅವರ ತಾತನ ಕಾಲದಿಂದಲೂ ಅರಳೆ ಹೊಡೆದು ಹಾಸಿಗೆ ಹೊಲಿಯುವ ಮನೆತನ. ಎಲ್ಲರೂ ಭಾಯ್ ಅನ್ನುತ್ತಿದ್ದೆವು. ಆಟದಲ್ಲಿ ಗೋಡೆ ಕಟ್ಟುವುದು ಅವರ ಕೆಲಸ. ಹೊಸದುರ್ಗದವನು ತೆಂಗಿನಕಾಯಿ ಮಂಡಿಯಲ್ಲಿ ತೂಕ ಹಾಕುತ್ತಿದ್ದ, ಮೂವತ್ತರ ಆಸುಪಾಸು, ಬಾಯಿ ಬಿಟ್ಟರೆ ತಮಾಷೆ. ಸೌದೆ ತರುವುದು ಅವನ ಪಾಲು. ಕತ್ತಿ ಹಿಡಿದು ಕಾಯುವ ಕೆಲಸ ನನಗೆ ಬಿತ್ತು. ಜೆರಾಕ್ಸ್ ಅಂಗಡಿಯವನಿಗೆ ಕತ್ತಿ ಸಿಕ್ಕರೆ ಬಿಡುತ್ತಾನೆಯೇ?

ದೀಪ ನೋಡುವ ಕೆಲಸ ಹಿರಿಯೂರಿನ ಅಕ್ಕನದು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬೇಕು, ಆದರೂ ಮೊದಲ ದಿನದಿಂದಲೇ ಅಕ್ಕ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಅತ್ತೆ ಪಾರ್ಶ್ವವಾಯು ಹೊಡೆದು ಮಲಗಿದಲ್ಲೇ ಇದ್ದರು. ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿದಾಗ ಅಕ್ಕ ಫೋನು ತೆಗೆಯುತ್ತಿದ್ದರು. ಸಮುದ್ರವನ್ನು ಅವರು ಕಂಡವರಲ್ಲ. "ನಮ್ಮ ಮಾರಿಕಣಿವೆ ಡ್ಯಾಮು ಕೋಡಿ ಬಿದ್ದಾಗ ಹಿಂಗೇ ಇತ್ತು ನೋಡ್ರಿ, ದುರ್ಗದಣ್ಣ" ಅನ್ನುತ್ತಿದ್ದರು. ನಾವೆಲ್ಲ ಕೂಗಾಡಿಕೊಂಡು ಆಡುತ್ತಿದ್ದೆವು. ಅಕ್ಕ ಮಾತ್ರ ಒಂದು ಹನಿ ಎಣ್ಣೆ ಚೆಲ್ಲದೆ, ಮೆಟ್ಟಿಲು ಮೆಟ್ಟಿಲು ಎಣಿಸಿ ಗೋಪುರ ಹತ್ತಿ ದೀಪ ನೋಡುತ್ತಿದ್ದರು. ನಮ್ಮ ನಾಲ್ವರಲ್ಲಿ ಆಟ ಚೆನ್ನಾಗಿ ಬರುತ್ತಿದ್ದುದು ಅವರೊಬ್ಬರಿಗೇ.

ಆದರೆ ಆ ಆಟದಲ್ಲಿ ಒಂದು ನಿಯಮ ಇತ್ತು. ಮೂರು ನಿಮಿಷ ಅಲುಗಾಡದೆ ನಿಂತರೆ ಆ ಮನುಷ್ಯ ಆಟ ಬಿಟ್ಟು ಹೋದ ಅಂತ ಲೆಕ್ಕ. ಒಂದು ಅಲೆ ಬಂದು ಅವರನ್ನು ಸಮುದ್ರಕ್ಕೆ ಎಳೆದುಕೊಳ್ಳುತ್ತಿತ್ತು. ಅವರು ಕೂಡಿಟ್ಟ ಎಣ್ಣೆ, ಹತ್ತಿದ ಮೆಟ್ಟಿಲು ಎಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು. ಮೇಲಿಂದ ಪರದೆಯ ತುಂಬ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಮಾತು. ಅತ್ತೆ ಎಚ್ಚರಾಗಿ ನರಳಿದರೆ ಅಕ್ಕ ಫೋನು ಕೆಳಗಿಟ್ಟು ಏಳಲೇಬೇಕು. ವಾರದಲ್ಲಿ ಮೂರು ಸಲವಾದರೂ ಸಮುದ್ರಕ್ಕೆ ಬೀಳುತ್ತಿದ್ದರು.

"ಏನಂತ ಬರೀತಾರಣ್ಣ ಕೆಂಪಗೆ?" ಅಂತ ಒಂದು ದಿನ ಕೇಳಿದರು.

"ಓಡಿಹೋದರು ಅಂತ" ಅಂದುಬಿಟ್ಟೆ. ನಮ್ಮ ಕಡೆ ಮನೆಯ ಸೊಸೆಗೆ ಆ ಮಾತು ಅನ್ನುವುದು ಏನು ಅಂತ ನನಗೆ ತಿಳಿಯದ್ದಲ್ಲ. ಅಕ್ಕ "ನಾನ್ಯಾಕೆ ಓಡಿಹೋಗ್ಲಿ, ಇಲ್ಲೇ ಪಕ್ಕದ ಕೋಣ್ಯಾಗೆ ಇದ್ದೆ" ಅಂದರು.

ಮೂರು ತಿಂಗಳಾದ ಮೇಲೆ ಆಟದವರಿಂದ ಒಂದು ಸೂಚನೆ ಬಂತು. ಈ ಆಟ ಮುಂದೆ ಏನಾಗಬೇಕು, ಬರೆದು ತಿಳಿಸಿ, ತಂಡಕ್ಕೆ ಒಂದೇ ಪತ್ರ, ಇಂಗ್ಲಿಷಿನಲ್ಲಿ ಇರಲಿ. ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಕಸುಬೇ ಅದು ಅಂತ ಅವರಿಗೆ ಗೊತ್ತಿತ್ತು. ಜೊತೆಗೆ ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ಓದಿದವನು ಅನ್ನುವುದನ್ನು ಕೇಳದಿದ್ದರೂ ನಾಲ್ಕೈದು ಸಲ ಹೇಳಿಕೊಂಡಿದ್ದೆ.

ಭಾಯ್ ಮೊದಲು ಹೇಳಿದರು. "ಕೋಟೆ ಬಾಗಿಲು ಹಿಂಗೆ ನೆಟ್ಟಗೆ ಇಡಬಾರ್ದು ಅಂತ ಬರೀರಿ. ದುರ್ಗದ ಕೋಟೆ ನೋಡಿಲ್ವೇನ್ರಿ? ಬಾಗಿಲು ದಾಟಿ ತಿರುಗಿದ್ರೆ ಎದುರಿಗೆ ಗೋಡೆ. ಆನೆ ಓಡಿಬಂದು ಗುದ್ದಾಕೆ ಜಾಗನೇ ಇಲ್ಲ. ಇವ್ರು ಮದುವೆ ಮನೆ ಬಾಗಿಲು ಇಟ್ಟಂಗೆ ಇಟ್ಟವ್ರೆ."

ಹೊಸದುರ್ಗದವನು ಒಂದು ನಾಯಿ ಬೇಕು ಅಂದ. "ಯಾರ್ನ ಕಚ್ಚಿಸ್ತೀಯ ಲೇ?" ಅಂದೆ. "ಕಚ್ಚಾದೇನೂ ಬೇಡ. ಸೌದೆ ತರಾಕೆ ಹೋದಾಗ ಹಿಂದೆ ಬಂದ್ರೆ ಸಾಕು" ಅಂದ.

ಅಕ್ಕ ಕೊನೆಗೆ ಹೇಳಿದರು. ಮೊದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದರು ಅಂತ ಕಾಣುತ್ತದೆ, ಒಂದೇ ಉಸಿರಿಗೆ ಹೇಳಿದರು. "ನಡುವೆ ಎದ್ದು ಹೋಗಾಕೆ ಒಂದು ದಾರಿ ಮಾಡಿಕೊಡ್ಲಿ. ನಮ್ಮತ್ತೆಗೆ ಮಗ್ಗಲು ಬದಲಿಸ್ಬೇಕು, ಬಟ್ಟೆ ಬದಲಿಸ್ಬೇಕು, ನೀರು ಕುಡಿಸ್ಬೇಕು. ಬರಾತನಕ ನನ್ನ ಜಾಗ ಹಂಗೇ ಇರ್ಲಿ. ಓಡಿಹೋದ್ಲು ಅಂತ ಬರೀಬ್ಯಾಡ್ರಿ, ಬರ್ತಾಳೆ ಅಂತ ಬರೀರಿ ಅಂತ ಹೇಳ್ರಿ ಅವ್ರಿಗೆ." ಎಷ್ಟು ನಿಮಿಷ ಕೊಟ್ಟರೆ ಸಾಕು ಅಂತಲೂ ಹೇಳಿದರು. ಹತ್ತು ನಿಮಿಷ ಅಂತ ನನ್ನ ನೆನಪು. ನಾನು ಹೂಂ ಹೂಂ ಅಂದೆ. ಕೈಯಲ್ಲಿ ಪೆನ್ನಿತ್ತು, ಬರೆದುಕೊಳ್ಳಲಿಲ್ಲ.

ಅವತ್ತು ಸಂಜೆ ಪತ್ರ ಬರೆಯುವ ಮೊದಲು ಬೇರೆ ತಂಡದವರು ಏನು ಬರೆದಿದ್ದಾರೆ ಅಂತ ಆಟದವರ ಪುಟದಲ್ಲಿ ನೋಡಿದೆ. ಅದೇ ನಾನು ಮಾಡಿದ ತಪ್ಪು. ಎಂಥೆಂಥ ದೇಶದವರು, ಎಂಥ ಇಂಗ್ಲಿಷು! ಯುದ್ಧದ ವ್ಯೂಹ, ಶ್ರೇಯಾಂಕ ಪಟ್ಟಿ, ಋತುವಿಗೊಂದು ಪಂದ್ಯಾವಳಿ. ಅದರ ಕೆಳಗೆ ನಾನು ಹೋಗಿ ನಾಯಿ ಬೇಕು ಅಂತ ಬರೆಯಲೇ? ಮುದುಕಿಯ ಬಟ್ಟೆ ಬದಲಿಸಬೇಕು, ಸ್ವಲ್ಪ ಬಿಡುವು ಕೊಡಿ ಅಂತ ಬರೆಯಲೇ? ನನಗೆ ನಮ್ಮವರ ಬಗ್ಗೆ ನಾಚಿಕೆಯಾಯಿತು. ಮುಖವೇ ಕಾಣದ ಜನರ ಮುಂದೆ, ಮುಖ ಕಾಣದ ನಾನು, ಮರ್ಯಾದೆ ಕಾಪಾಡಿಕೊಳ್ಳಲು ಹೊರಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ನನ್ನಂಥವರಿಗೇ ಇರಬೇಕು.

ಎರಡು ಗಂಟೆ ಕೂತು ಬರೆದೆ. ಯುದ್ಧ ಹೆಚ್ಚಾಗಬೇಕು ಅಂದೆ. ಶ್ರೇಯಾಂಕ ಬೇಕು ಅಂದೆ. ಬೇರೆಯವರೆಲ್ಲ ನಡುವೆ ಬಿಟ್ಟು ಹೋಗುವವರನ್ನು ಬೈದಿದ್ದರು, ನಾನು ಅವರಿಗಿಂತ ಒಂದು ಕೈ ಮೇಲೆ ಹೋದೆ. ಮೂರು ನಿಮಿಷ ಬಹಳವಾಯಿತು, ಒಂದು ನಿಮಿಷ ಸಾಕು. ಬಿಟ್ಟು ಓಡುವವರ ಹೆಸರನ್ನು ಬಂದರಿನಲ್ಲಿ ಒಂದು ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ನೇತುಹಾಕಬೇಕು ಅಂತ ಬರೆದೆ. ಬರೆಯುವಾಗ ಅಕ್ಕ ನೆನಪಾದರೇ ಅಂತ ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ನೆನಪಾಗಲಿಲ್ಲ. ವಾಕ್ಯ ಎಷ್ಟು ಚೆನ್ನಾಗಿ ಬಂತು ಅನ್ನುವುದಷ್ಟೇ ತಲೆಯಲ್ಲಿತ್ತು. ಅವತ್ತು ನೆನಪಾಗಿ, ಬೇಕಂತಲೇ ಬರೆದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಮಾರನೆಯ ದಿನ ಮೂವರಿಗೂ "ಕಳಿಸಿದ್ದೀನಿ" ಅಂದೆ. "ನಂದು ಬರೆದ್ರಾ?" ಅಂದರು ಅಕ್ಕ. "ಎಲ್ಲರದ್ದೂ ಬರೆದೀನಿ" ಅಂದೆ. ಓದಿ ಹೇಳಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂಗಡಿಗೆ ಬಂದು ಐವತ್ತು ರೂಪಾಯಿ ಕೊಡುವವನಿಗೆ ಓದಿ ಹೇಳುವ ನಾನು, ಮೂರು ತಿಂಗಳು ಜೊತೆಗೆ ಕೋಟೆ ಕಾಯ್ದವರಿಗೆ ಓದಿ ಹೇಳಲಿಲ್ಲ.

ಹದಿನೈದು ದಿನಕ್ಕೆ ನನ್ನ ಪತ್ರಕ್ಕೆ ಆಟದವರು ನಕ್ಷತ್ರದ ಗುರುತು ಹಾಕಿದರು. ಬಹಳ ಉಪಯುಕ್ತ ಪತ್ರವಂತೆ. ನಮ್ಮ ತಂಡದ ದೀಪಕ್ಕೆ ಬಹುಮಾನವಾಗಿ ಬಂಗಾರದ ಬಣ್ಣ ಕೊಟ್ಟರು. ಭಾಯ್ ಅಂಗಡಿಯಲ್ಲಿ ಪಕ್ಕದವರಿಗೆಲ್ಲ ಚಹಾ ಕುಡಿಸಿದರಂತೆ. ಅಕ್ಕ "ನಮ್ಮ ಮಾತು ಮುಟ್ಟೈತೆ ಅಣ್ಣ" ಅಂದರು. ನಾನು ಆ ಹೊಗಳಿಕೆಯನ್ನು ಇಟ್ಟುಕೊಂಡೆ.

ಮುಂದಿನ ತಿಂಗಳು ಆಟ ಬದಲಾಯಿತು. ಯುದ್ಧ ಬಂತು, ಶ್ರೇಯಾಂಕ ಬಂತು, ಮೂರು ನಿಮಿಷ ಒಂದು ನಿಮಿಷವಾಯಿತು. ಬಂದರಿನಲ್ಲಿ ಒಂದು ಮರದ ಹಲಗೆ ಬಂತು. ನಮ್ಮ ದ್ವೀಪದ ಹಲಗೆಯಲ್ಲಿ ಒಂದೇ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಹಿರಿಯೂರು. ಅಕ್ಕನಿಗೆ ಇಂಗ್ಲಿಷ್ ಬಾರದಿದ್ದರೂ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಗೊತ್ತಿತ್ತು.

"ನಮ್ಮೂರ ಹೆಸ್ರು ಹಾಕವ್ರಲ್ಲ, ಏನಣ್ಣ ಅದು?"

"ಅದು ಜಾಸ್ತಿ ಸಲ ಬಂದವರ ಪಟ್ಟಿ ಅಕ್ಕ" ಅಂದೆ.

ಅವರು ಅದರ ಚಿತ್ರ ತೆಗೆದು ಸಿರಾದಲ್ಲಿರುವ ತಂಗಿಗೆ ಕಳಿಸಿದರು. ಹೊಸದುರ್ಗದವನು "ಅಕ್ಕ ಫೇಮಸ್ಸು" ಅಂತ ರೇಗಿಸಿದ. ನಾನು ಆ ಹೊತ್ತಿಗೆ ಗಿರಾಕಿ ಬಂದರು ಅಂತ ಸುಳ್ಳು ಹೇಳಿ ಫೋನು ಕೆಳಗಿಟ್ಟೆ.

ಒಂದು ನಿಮಿಷದಲ್ಲಿ ಲೋಟಕ್ಕೆ ನೀರು ಬಗ್ಗಿಸುವುದೂ ಆಗುವುದಿಲ್ಲ. ಅಕ್ಕ ದಿನಾ ಬೀಳತೊಡಗಿದರು. "ಅವ್ರಿಗೆ ಸರಿಯಾಗಿ ತಿಳೀಲಿಲ್ಲ ಅನ್ಸುತ್ತೆ, ಇನ್ನೊಂದ್ಸಲ ಬರೀರಿ ಅಣ್ಣ" ಅಂದರು. ಬರೀತೀನಿ ಅಂದೆ, ಬರೆಯಲಿಲ್ಲ. ಆಮೇಲೆ ಅವರು ಎರಡು ದಿನಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ವಾರಕ್ಕೊಮ್ಮೆ. ದೀಪ ನಾನು ನೋಡಿಕೊಂಡೆ. ಎಣ್ಣೆ ಚೆಲ್ಲುತ್ತಿತ್ತು, ದೋಣಿಗಳು ಬಂಡೆಗೆ ಬಡಿಯುತ್ತಿದ್ದವು.

ಅದೇ ವರ್ಷ ಆಟ ರದ್ದಾಯಿತು. ಇನ್ನು ಹತ್ತು ದಿನಕ್ಕೆ ನಿಲ್ಲಿಸುತ್ತೇವೆ, ಪೂರ್ತಿ ಆಟ ಬಿಡುಗಡೆಯಾಗುವುದಿಲ್ಲ ಅಂತ ಆಟದವರು ತಮ್ಮ ಪುಟದಲ್ಲಿ ಬರೆದರು. ಯಾರನ್ನೂ ದೂರದೆ, ಮರ್ಯಾದಸ್ಥರ ಹಾಗೆ ಬರೆದಿದ್ದರು. ಅದರಲ್ಲಿ ಎರಡು ಸಾಲು ನನಗೆ ಬಾಯಿಪಾಠ ಬರುತ್ತದೆ. "ಮೊದಮೊದಲು ಬಂದ ಬಹಳ ಜನ ಆಟದ ನಡುವೆ ಎದ್ದು ಹೋದರು, ತಿರುಗಿ ಬರಲಿಲ್ಲ. ಯಾಕೆ ಅಂತ ನಾವು ಕೇಳಿದೆವು, ನಮಗೆ ಯಾರೂ ಹೇಳಲಿಲ್ಲ."

ಆ ಸೂಚನೆಯ ಕೆಳಗೆ ಆಡಿದವರೆಲ್ಲ ಈ ಆಟ ಏನಾಗಬೇಕಿತ್ತು ಅಂತ ಬರೆಯತೊಡಗಿದರು. ಅಂಗಡಿಯ ಶಟರು ಅರ್ಧ ಎಳೆದು ಒಂದೊಂದೇ ಓದಿದೆ. ಎಲ್ಲಿಯೋ ಒಬ್ಬಳು ತಾಯಿ, ಮಗು ಅತ್ತಾಗ ಫೋನು ಇಟ್ಟು ಏಳುತ್ತಿದ್ದೆ, ಬರುವಷ್ಟರಲ್ಲಿ ಎಲ್ಲ ಹೋಗಿರುತ್ತಿತ್ತು, ಸ್ವಲ್ಪ ಕಾದಿದ್ದರೆ ಆಗಿತ್ತು ಅಂತ ಬರೆದಿದ್ದಳು. ಗೇಟು ಕಾಯುವವನೊಬ್ಬ, ಕಾರು ಬಂದಾಗ ಎದ್ದು ತೆಗೆಯಬೇಕಿತ್ತು ಅಂದಿದ್ದ. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವವನೊಬ್ಬ ಇದ್ದ. ಮೊದಲ ಸಲ ಇವರು ಯಾರೂ ಇದನ್ನು ಬರೆದಿರಲಿಲ್ಲ. ನಾಚಿಕೊಂಡಿರಬೇಕು, ಅಥವಾ ನನ್ನಂಥವನೊಬ್ಬನ ಕೈಯಲ್ಲಿ ಬರೆಸಿರಬೇಕು. ನಾಯಿ ಬೇಕಿತ್ತು ಅಂದವರು ಮೂರು ಜನ. ಕೋಟೆಯ ಬಾಗಿಲು ಅಷ್ಟು ನೆಟ್ಟಗೆ ಯಾರಾದರೂ ಇಡುತ್ತಾರೆಯೇ ಅಂತ ಬೈದವನೂ ಒಬ್ಬ ಇದ್ದ. ನಾನು ಮುಚ್ಚಿಟ್ಟ ಮೂರು ಮಾತೂ ಅಲ್ಲಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನು ಅಂತ ಅವತ್ತು ಗೊತ್ತಾಯಿತು.

ಆಟ ನಿಂತ ಮೇಲೆ ಒಮ್ಮೆಯಾದರೂ ಮುಖ ನೋಡೋಣ ಅಂತ ಭಾಯ್ ಹಟ ಹಿಡಿದರು. ಒಂದು ಭಾನುವಾರ ಚಂದ್ರವಳ್ಳಿಯಲ್ಲಿ ಸೇರುವುದು ಅಂತಾಯಿತು. ಅಕ್ಕ ಅತ್ತೆಯನ್ನು ನಾದಿನಿಯ ಸುಪರ್ದಿಗೆ ಬಿಟ್ಟು, ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಬಂದಿದ್ದರು. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ, ಸಣಕಲು. ಮಲಗಿದ ದೊಡ್ಡ ಜೀವವನ್ನು ಈ ತೋಳುಗಳು ಹೇಗೆ ಮಗ್ಗಲು ಬದಲಿಸುತ್ತವೋ ಅನ್ನಿಸಿತು. ಹೊಸದುರ್ಗದವನು ಒಂದು ಚೀಲ ಎಳನೀರು ತಂದಿದ್ದ. ಕೆರೆಯ ಪಕ್ಕದ ಬಂಡೆಯ ನೆರಳಿನಲ್ಲಿ ಕೂತೆವು. ಚಪಾತಿ, ಶೇಂಗಾ ಚಟ್ನಿ. ಗಂಟೆಗಟ್ಟಲೆ ಕೇಳಿದ ದನಿಗಳಿಗೆ ಮುಖ ಹೊಂದಿಸಿಕೊಳ್ಳಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ಊಟವಾದ ಮೇಲೆ ಅಕ್ಕ ತಮ್ಮ ಫೋನು ನನ್ನ ಕೈಗೆ ಕೊಟ್ಟರು. "ಅಣ್ಣ, ನೀವು ಬರ್ದಿದ್ದು ಇದ್ರಾಗೈತೆ. ನಮ್ಮ ತಂಗಿ ಇದನ್ನ ಕನ್ನಡಕ್ಕೆ ಹಾಕೋದು ತೋರಿಸಿಕೊಟ್ಲು. ನಂದು ಎಲ್ಲೈತೆ ಅಂತ ಹುಡುಕಿದೆ, ಸಿಗಲಿಲ್ಲ. ನೀವೇ ತೋರಿಸ್ರಿ."

ನೋಡಿದೆ. ಪುಟದ ಕೆಳಗೆ ಒತ್ತಿದರೆ ಯಾವ ಭಾಷೆಗಾದರೂ ಬದಲಾಗುತ್ತದೆ ಅನ್ನುವುದು ಇಂಗ್ಲಿಷ್ ಬಲ್ಲ ನನಗೆ ಬೇಕಾಗಿಯೇ ಇರಲಿಲ್ಲ, ಹಾಗಾಗಿ ಗೊತ್ತೂ ಇರಲಿಲ್ಲ. ನನ್ನ ಪತ್ರ ಪೂರ್ತಿ ಕನ್ನಡದಲ್ಲಿ ಕೂತಿತ್ತು. ಯಂತ್ರದ ಕನ್ನಡ, ಆದರೂ ಅರ್ಥವಾಗದೆ ಇರುವಂಥದ್ದಲ್ಲ.

"ಇದೊಂದು ನೋಡ್ರಿ" ಅಂತ ಅಕ್ಕ ಬೆರಳಿಟ್ಟು ತೋರಿಸಿದರು. "ಓಡಿಹೋಗುವವರ ಹೆಸರುಗಳನ್ನು ಗಲ್ಲಿಗೇರಿಸಬೇಕು ಅಂತ ಹಾಕೈತೆ. ಈ ಫೋನಿಗೆ ಬುದ್ಧಿನೇ ಇಲ್ಲ. ನೀವೇನು ಬರ್ದೀರೋ, ಇದೇನು ಮಾಡೈತೋ. ನಂದು ಬಿಟ್ಟೇಬಿಟ್ಟೈತೆ."

ಹೆಸರು ನೇತುಹಾಕಿ ಅಂತ ನಾನು ಬರೆದ ಇಂಗ್ಲಿಷಿನ 'ಹ್ಯಾಂಗ್' ಅನ್ನು ಯಂತ್ರ ಗಲ್ಲು ಮಾಡಿತ್ತು. ಭಾಯ್ ಬಿದ್ದು ಬಿದ್ದು ನಕ್ಕರು. ಹೊಸದುರ್ಗದವನು "ಹೆಸರಿಗೇ ಗಲ್ಲು ಅಂದ್ರೆ ಮನುಷ್ಯನ ಗತಿ ಏನಪ್ಪ" ಅಂದ. ಅಕ್ಕನೂ ನಕ್ಕರು. ನನ್ನ ಪತ್ರ ಕಣ್ಣೆದುರಿಗಿದ್ದರೂ ಅವರು ಫೋನನ್ನು ಅನುಮಾನಿಸಿದರು, ನನ್ನನ್ನು ಅನುಮಾನಿಸಲಿಲ್ಲ. ನಾನೂ ನಕ್ಕೆ.

"ಹೌದಕ್ಕ, ಫೋನು ಬಿಟ್ಟೈತೆ" ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಪುಟವನ್ನು ಇಂಗ್ಲಿಷಿಗೆ ತಿರುಗಿಸಿ, ಇಲ್ಲದ ಸಾಲಿನ ಮೇಲೆ ಬೆರಳು ಆಡಿಸುತ್ತ ಓದಿ ಹೇಳಿದೆ. ನಮ್ಮ ತಂಡದ ದೀಪ ನೋಡಿಕೊಳ್ಳುವವರ ಅತ್ತೆಗೆ ಹುಷಾರಿಲ್ಲ, ಅವರು ಎದ್ದು ಹೋಗಿ ಬರುವವರೆಗೆ ಜಾಗ ಹಾಗೇ ಇರಲಿ, ಓಡಿಹೋದರು ಅಂತ ಬರೆಯಬೇಡಿ, ಬರುತ್ತಾರೆ ಅಂತ ಬರೆಯಿರಿ. ಎಷ್ಟು ಚೆನ್ನಾಗಿ ಓದಿದೆ ಅಂದರೆ, ಒಂದು ಕಡೆಯೂ ತಡವರಿಸಲಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು "ಹೂಂ, ಹಿಂಗೇ ಅಂದಿದ್ದೆ" ಅಂದರು. ನಿಮಿಷದ ಲೆಕ್ಕ ನಾನು ಓದಲಿಲ್ಲ, ಅವರೂ ಕೇಳಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಅವರನ್ನು ಹತ್ತಿಸಿದಾಗ ಕಿಟಕಿಯಿಂದ "ಬರ್ತೀನಣ್ಣ" ಅಂದರು.

ಆಮೇಲೆ ಮೂರು ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಸಾರಿಗೆ ಉಪ್ಪು ಕಮ್ಮಿ ಅಂತ ಬೈದೆ, ಫ್ಯಾನು ಸದ್ದು ಮಾಡುತ್ತದೆ ಅಂತ ಬೈದೆ. ಒಂದು ದಿನ ಅಂಗಡಿಗೆ ಭೀಮಸಮುದ್ರದ ಕಡೆಯ ಅಜ್ಜಿಯೊಬ್ಬರು ಪಿಂಚಣಿ ನಿಂತದ್ದಕ್ಕೆ ಅರ್ಜಿ ಬರೆಸಲು ಬಂದರು. ಬರೆದೆ, ಅಭ್ಯಾಸದಂತೆ ಓದಿ ಹೇಳಿದೆ. ಅಜ್ಜಿ ನಡುವೆ ತಡೆದು, "ಮಕ್ಕಳು ನೋಡ್ಕಳಲ್ಲ ಅಂತ ಬರೀಬ್ಯಾಡಪ್ಪ. ನೋಡ್ಕಂತಾರೆ. ಅವ್ರ ಹತ್ರನೇ ದುಡ್ಡಿಲ್ಲ" ಅಂದರು. ಬೇಗ ಕೆಲಸ ಆಗಲಿ ಅಂತ ಎಲ್ಲರ ಅರ್ಜಿಯಲ್ಲೂ ಹಾಕುವ ಸಾಲು ಅದು, ನನ್ನ ಕೈ ತಾನಾಗಿ ಹಾಕಿತ್ತು. ಹೊಡೆದುಹಾಕಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿ ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಒಂದು ಬಿಳಿ ಹಾಳೆ ತೆಗೆದು, ಅಪ್ಪ ಬರೆಯುತ್ತಿದ್ದ ಕ್ರಮದಲ್ಲೇ ಕನ್ನಡದಲ್ಲಿ ಅಕ್ಕನ ಅರ್ಜಿ ಬರೆದೆ. 'ಇವರಿಗೆ' ಅಂತ ಬರೆದು ಅದರ ಮುಂದೆ ಖಾಲಿ ಬಿಟ್ಟೆ. ಎರಡೂವರೆಗೆ ಫೋನು ಮಾಡಿದೆ.

ಎಲ್ಲ ಹೇಳಿದೆ. ನಿಮ್ಮದು ಬರೆಯಲೇ ಇಲ್ಲ ಅಂದೆ. ಫೋನು ಏನನ್ನೂ ಬಿಟ್ಟಿರಲಿಲ್ಲ, ಅದು ಗಲ್ಲಿಗೇರಿಸು ಅಂತ ತೋರಿಸಿದ್ದು ಹೆಸರು ನೇತುಹಾಕಿ ಅಂತ ನಾನೇ ಬರೆದ ಸಾಲು, ಒಂದು ನಿಮಿಷ ಅನ್ನುವುದು ನನ್ನದೇ ಮಾತು ಅಂದೆ.

"ಹಂಗಾರೆ ಆ ಹಲಗೆ?" ಅಂದರು ಅಕ್ಕ.

"ಓಡಿಹೋದವರ ಪಟ್ಟಿ ಅಕ್ಕ. ನಾನು ಹೇಳಿಯೇ ಹಾಕಿಸಿದ್ದು."

"ನಮ್ಮ ತಂಗಿಗೆ ಕಳಿಸಿದ್ದೆನಲ್ಲ ನಾನು ಅದನ್ನ." ಅಷ್ಟೇ ಅಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಳಗಿಂದ ಅತ್ತೆ ನರಳುವ ಸದ್ದು ಬಂತು. "ಇರ್ರಿ" ಅಂದು ಅಕ್ಕ ಫೋನು ಎಲ್ಲೋ ಕೆಳಗಿಟ್ಟು ಹೋದರು.

ನಾನು ಕಿವಿಗೆ ಹಿಡಿದುಕೊಂಡೇ ಕೂತೆ. ಮಂಚ ಕಿರುಗುಟ್ಟಿತು. "ಕೈ ಇಲ್ಲಿ ಹಾಕ್ರಿ ಅತ್ತೆ, ಹಂಗೆ, ಹಂಗೆ" ಅಂದದ್ದು ಕೇಳಿತು. ಬಿಂದಿಗೆಯಿಂದ ನೀರು ಬಗ್ಗಿಸಿದರು. ಒಬ್ಬ ಗಿರಾಕಿ ಬಂದು ಜೆರಾಕ್ಸ್ ಅಂದ, ಕೈ ಸನ್ನೆಯಲ್ಲಿ ಆಮೇಲೆ ಬಾ ಅಂದೆ. ಇಷ್ಟು ದಿನ ಅವರು ಎದ್ದು ಹೋದಾಗೆಲ್ಲ ಆ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಅವತ್ತು ಮೊದಲ ಸಲ ಕೇಳಿಸಿಕೊಂಡೆ.

"ಇದೀರಾ?"

"ಇದೀನಕ್ಕ. ನಿಮ್ಮ ಅರ್ಜಿ ಈಗ ಬರೆದಿದ್ದೀನಿ. ಓದಲಾ?"

"ಯಾರಿಗೆ ಕಳಿಸ್ತೀರಿ ಇವಾಗ?"

ಹಾಳೆಯಲ್ಲಿ 'ಇವರಿಗೆ' ಮುಂದೆ ಇನ್ನೂ ಖಾಲಿಯೇ ಇತ್ತು. ಕೊನೆಗೆ ಅವರೇ "ಓದ್ರಿ" ಅಂದರು. ಓದಿದೆ. ಅತ್ತೆಯ ವಿಷಯ, ಜಾಗದ ವಿಷಯ, ಬರ್ತಾಳೆ ಅಂತ ಬರೆಯುವ ವಿಷಯ. "ಆದ್ದರಿಂದ ದಯಮಾಡಿ ಹತ್ತು ನಿಮಿಷಗಳ ಬಿಡುವು ಕೊಡಬೇಕೆಂದು" ಅಂತ ಓದುವಾಗ ಅಕ್ಕ ತಡೆದರು.

"ಹತ್ತಲ್ಲ ಅಣ್ಣ. ಎಂಟು ಅಂದಿದ್ದೆ."

"ಎಂಟಾ?"

"ಗಡಿಯಾರ ಇಟ್ಕಂಡು ನೋಡಿದ್ದೆ. ಹತ್ತು ಆಗ್ತಿತ್ತು. ಹತ್ತು ಕೇಳಿದ್ರೆ ಜಾಸ್ತಿ ಆಯ್ತು ಅಂದಾರು, ಓಡ್ಯಾಡಿ ಮಾಡಿದ್ರೆ ಎಂಟಕ್ಕೆ ಮುಗಿಸ್ಬಹುದು ಅಂತ ಎಂಟು ಅಂದಿದ್ದೆ."

ಪೆನ್ನು ತೆಗೆದು ಹತ್ತನ್ನು ಹೊಡೆದು ಎಂಟು ಅಂತ ಬರೆದೆ. ಮತ್ತೆ ಮೊದಲಿನಿಂದ ಓದಿದೆ. ಅಕ್ಕ ಕೊನೆಯವರೆಗೂ ಕೇಳಿದರು.

"ಹೂಂ, ಇವಾಗ ಸರಿ ಐತೆ" ಅಂದರು. "ಅವತ್ತೇ ಒಂದ್ಸಲ ಓದಿ ಹೇಳ್ಬೇಕಿತ್ತಣ್ಣ."